ಹಿತ್ತಲ ಕೋಣೆಗೆ ಬಂದ ಓವರ್ಸಿಯರರು

ಪುಣೆಯ ನಮ್ಮ ಪೇಟೆಗೆ ಕಟ್ಟಡಗಳ ತಪಾಸಣೆಗೆ ಬರುತ್ತಿದ್ದ ಮುನಸಿಪಾಲ್ಟಿ ಓವರ್ಸಿಯರರು ಧಾರವಾಡ ಕಡೆಯವರು. ಕೊಡೆಯನ್ನು ಕಂಕುಳಲ್ಲಿ ಅವುಚಿಕೊಂಡು, ಗೋಡೆಯನ್ನು ಗೇಣು ಹಾಕಿ ಅಳೆಯುತ್ತ, “ಒಲಿ ಇದ್ರ ಮನಿ, ಇಲ್ಲಂದ್ರ ಕೋಣಿ” ಎನ್ನುತ್ತಿದ್ದರು. ಹಿತ್ತಲಲ್ಲಿ ಬರೀ ಕೋಣೆ ಕಟ್ಟಿಕೊಂಡರೆ ನಡೆಯುತ್ತಿತ್ತು. ಪರವಾನಗಿ ಇಲ್ಲದೆ ಮನೆ ಕಟ್ಟಿದರೆ ಕೆಡವಿಸುತ್ತಿದ್ದರು.

ಮಡಿ ಅಡುಗೆಗೆಂದು ಹಿತ್ತಲಲ್ಲಿ ಕೋಣೆ ಕಟ್ಟಿಸಿಕೊಂಡಿದ್ದ ನಮ್ಮಜ್ಜಿ, ಅವರು ಬಂದದ್ದೇ ತಡ, ಒಲೆಯ ಮೇಲೆ ಮಣೆ ಹಾಕಿ, ಸೀರೆ ಹರವಿಕೊಂಡು ಕೂತುಬಿಟ್ಟಳು.

“ಸ್ವಲ್ಪ ಏಳ್ರಿ ಅವ್ವಾರ.”

“ಮೊಣಕಾಲು ಭಾಳ ನೋಯ್ತಾವ್ರಿ.”

ಓವರ್ಸಿಯರರು ಅಜ್ಜಿಯನ್ನೂ ಮಸಿ ಹಿಡಿದ ಗೋಡೆಯನ್ನೂ ನೋಡಿದರು. ಆಮೇಲೆ ಪುಸ್ತಕದಲ್ಲಿ ಬರೆದು ಗಟ್ಟಿಯಾಗಿ ಓದಿದರು: “ಕೋಣೆ ಒಂದು. ವೃದ್ಧೆ ಕೂಡಲು ಕಟ್ಟೆ ಒಂದು.”

ಹೊಸ್ತಿಲು ದಾಟಿದವರು ಹಿಂದಿರುಗಿ ನೋಡದೆ ಹೇಳಿದರು: “ನಾ ಹೊಂಟೆ. ಇನ್ನ ಲಗೂನ ಏಳ್ರಿ ಅವ್ವಾರ, ಕಟ್ಟಿಯಿಂದ ಹೊಗಿ ಬರ್ಲಿಕತ್ತದ.”