ಅವ್ವನ ವ್ರತ ನನ್ನ ಕೈಗೆ ಬಂದ ದಿನ

ಶುಕ್ರವಾರ ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಶಿಗ್ಗಾಂವದ ನಮ್ಮ ಮನೆಯಲ್ಲಿ ತುಳಸಿಗೆ ನೀರು ಹಾಕಿ ಅವ್ವ ನನ್ನತ್ತ ತಿರುಗಿದಳು. ಕಣ್ಣಿನ ಬಿಳಿಭಾಗ ಹಳದಿಯಾಗಿತ್ತು. ದಿನಾ ಹಚ್ಚುವ ಅರಿಶಿನದಲ್ಲಿ ಮುಖದ ಬಣ್ಣ ನಮಗೆ ತಿಳಿದಿರಲಿಲ್ಲ. ಸೊರಗಿದ್ದಕ್ಕೆ ಚಾತುರ್ಮಾಸ್ಯದ ವ್ರತವೇ ಕಾರಣ ಅಂದುಕೊಂಡಿದ್ದೆವು. ಅಂದು ಅವಳು ತಿರುಗದಿದ್ದರೆ? ಈಗಲೂ ಅದೇ ಯೋಚನೆ.

ಹುಬ್ಬಳ್ಳಿ ಬಸ್ಸಿನಲ್ಲಿ ನನ್ನ ಹೆಗಲಿಗೊರಗಿ ಕೂತಳು. ಅಲ್ಲಿನ ಆಸ್ಪತ್ರೆಯ ಸ್ಕ್ಯಾನಿನಲ್ಲಿ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಕಂಡಿತು.

"ಕಾಮಾಲಿ ಬಂದದ್ದ ಛಲೋ ಆತು, ಗಡ್ಡಿ ಲಗೂನ ಸಿಕ್ತು," ಅಂದರು ಡಾಕ್ಟರು. "ಎಲ್ಲೂ ಹಬ್ಬಿಲ್ಲ, ದೊಡ್ಡ ರಕ್ತನಾಳಕ್ಕ ಸುತ್ತಿಲ್ಲ. ಆಪರೇಷನ್ ಮಾಡಿ ತಗದ್ರ ಉಳಿಯೋ ಆಸೆ ಅದ. ಆದ್ರ ಅದನ್ನ ತಡಕೊಳ್ಳೋ ಶಕ್ತಿ ಇವ್ರ ಮೈಯಾಗಿಲ್ಲ. ಕಾಮಾಲಿ ಇಳಿಯೋದ್ರಾಗ ಬ್ಯಾಳಿ, ಹೆಸರಕಾಳು ಚಂದಂಗ ತಿನ್ನಸ್ರಿ."

ಪಿತ್ತನಾಳಕ್ಕೆ ಕೊಳವೆ ಹಾಕಿ ಮನೆಗೆ ಕಳಿಸಿದರು. ಆದರೆ ಅದು ಚಾತುರ್ಮಾಸ್ಯದ ಕೊನೆಯ ತಿಂಗಳು. ಬೇಳೆಕಾಳು ಮುಟ್ಟದ ದ್ವಿದಳ ವ್ರತ.

"ಸತ್ರ ವ್ರತದಾಗ ಸಾಯ್ತೇನಿ," ಎಂದು ಅವ್ವ ತಟ್ಟೆ ಸರಿಸಿದಳು.

"ನಿನ್ನ ಹಟಕ್ಕ ರಾಯರೂ ಕೈ ಮುಗೀಬೇಕು!" ಅಪ್ಪ ಗದರಿದರು. ಆಮೇಲೆ ಒಳಗೆ ಹೋಗಿ ಅತ್ತರು.

ಸವಣೂರಿಗೆ ಬಸ್ಸು ಹಿಡಿದು ರಾಯರ ಮಠಕ್ಕೆ ಹೋದೆ. ಪ್ರದಕ್ಷಿಣೆಯಲ್ಲೂ ಮನಸ್ಸು ನಿಲ್ಲಲಿಲ್ಲ. ಒಂದೇ ಬೇಡಿದೆ, ಅವ್ವ ಉಣ್ಣಲಿ. ತೀರ್ಥ ಕೊಡುತ್ತಾ ಅರ್ಚಕರು ನನ್ನ ಮುಖ ನೋಡಿ ಏನಾಯಿತೆಂದು ಕೇಳಿದರು. ಹೇಳಿದೆ.

"ಅವ್ವಗ ಆಗಂಗಿಲ್ಲಂದ್ರ ಮಗಳು ವ್ರತ ಹಿಡೀಲಿ. ಇಲ್ಲೇ ಸಂಕಲ್ಪ ಮಾಡವಾ."

ಒಂದು ಏಕಾದಶಿಯನ್ನೂ ಮಾಡದ ನಾನು ಅಂಗೈಯಲ್ಲಿ ನೀರು ಹಿಡಿದು ನಿಂತೆ.

ಮನೆಗೆ ಬಂದು ಅವ್ವನ ಪಕ್ಕ ಕೂತೆ. "ವ್ರತ ಈಗ ನಂದವ್ವಾ. ರಾಯರ ಮುಂದ ಒಪ್ಪಕೊಂಡು ಬಂದೇನಿ."

 ಅವ್ವ ನಕ್ಕಳು. "ಬ್ಯಾಳಿಸಾರಿಲ್ಲದ ನಿನಗ ತುತ್ತು ಇಳಿಯಂಗಿಲ್ಲಲ್ಲೇ! ತಾ ಹಂಗಾರ, ನಾ ಉಣ್ತೇನಿ."

ಯಾರ ಮಾತೂ ಕೇಳದ ಅವಳು ತಟ್ಟೆ ಎಳೆದುಕೊಂಡದ್ದು ರಾಯರ ಉತ್ತರವೆಂದೇ ನಾನು ನಂಬಿದ್ದೇನೆ, ಭಕ್ತರೇ. ಮೈ ಚೇತರಿಸಿತು, ಆಪರೇಷನ್ ಆಯಿತು, ಗಡ್ಡೆ ಪೂರ್ತಿ ಹೊರಗೆ ಬಂತು, ಮುಂದೆ ಕೀಮೋ ಶುರುವಾಯಿತು. ಆದರೂ ಅವಳ ಉಸಿರು ಕೇಳಲು ದಿನಾ ರಾತ್ರಿ ನಡುನಡುವೆ ಏಳುತ್ತಿದ್ದೆ. ಅಪ್ಪನಿಗೂ ಅವ್ವನಿಗೂ ಸರಿಯಾಗಿ ನಿದ್ದೆ ಇರಲಿಲ್ಲ. ತಪಾಸಣೆಗಳು ಇನ್ನೂ ಇವೆ.

ಕೊನೆಯ ಕೀಮೋ ಮುಗಿದ ಮರುದಿನ ಎಚ್ಚರಾದಾಗ ಹಾಸಿಗೆ ಮೇಲೆ ಬಿಸಿಲಿತ್ತು. ಹೆದರಿ ಅಡುಗೆಮನೆಗೆ ಓಡಿದೆ. ಅವ್ವ ಬೇಳೆ ತೊಳೆಯುತ್ತಿದ್ದಳು.

"ಎದ್ದಿ? ನಿಮ್ಮಪ್ಪ ಇನ್ನೂ ಗೊರಕಿ ಹೊಡೀಲಿಕತ್ತಾರ. ನನಗೂ ಈಗ ಎಚ್ಚರಾತು."

ಅವಳ ಕಣ್ಣು ಬೆಳ್ಳಗಿದ್ದವು. ರಾಯರೇ, ಆ ರಾತ್ರಿ ನಾವು ಮೂವರೂ ನಿದ್ದೆ ಮಾಡಿದ್ದೆವು.