ಅಜ್ಜಂಪುರದ ಐದು ಮನೆಗಳು ಮತ್ತು ನಮ್ಮ ಸಭೆಯ ಮೊದಲ ಕೆಲಸ

ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸಕ್ಕೆಂದು ಸಾಲಿನಲ್ಲಿ ನಿಂತಾಗ ನಿಮ್ಮ ಹಿಂದೆ ಯಾರಿದ್ದಾರೆಂದು ನೀವು ಎಂದಾದರೂ ತಿರುಗಿ ನೋಡಿದ್ದೀರಾ?

ನಾನು ನೋಡಿರಲಿಲ್ಲ. ಲೂಥರನ್ ಕ್ರೈಸ್ತ ಸಭೆಯ ಮನೆಯಲ್ಲಿ ಹುಟ್ಟಿದವನು. ಮೈಸೂರಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ತರೀಕೆರೆಗೆ ಮರಳಿದವನು. ಯೂರೋಪಿನ ಯುದ್ಧ ಆರಂಭವಾಗಿ, ನಮ್ಮ ಜರ್ಮನ್ ಪಾದ್ರಿಗಳನ್ನು ಶತ್ರುದೇಶದವರೆಂದು ಸರ್ಕಾರದವರು ಕರೆದೊಯ್ದಿದ್ದರು. ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಕಡೆಯ ವಿಶ್ವಾಸಿಗಳಿಗೆ ಉಳಿದವರು ಪ್ರಾರ್ಥನೆ ನಡೆಸುವ ವೃದ್ಧ ಉಪದೇಶಿಗಳೊಬ್ಬರೇ. ಶಿವಮೊಗ್ಗೆಯಿಂದ ದೇಶೀಯ ಪಾದ್ರಿಗಳು ತಿಂಗಳಿಗೊಮ್ಮೆ ಬಂದು ಭೋಜನ ನಡೆಸಿಕೊಡುತ್ತಿದ್ದರು. ಪರದೇಶದವರ ಆಸರೆಯಿಲ್ಲದೆ ಮುಂದಿನ ವರ್ಷಗಳಲ್ಲಿ ನಾವು ಮೊದಲು ಏನು ಮಾಡಬೇಕು? ಅದನ್ನು ನಿರ್ಧರಿಸಲು ತರೀಕೆರೆಯಲ್ಲಿ ಮಹಾಸಭೆ ಕೂಡಿತು.

ನನ್ನ ಕೈಯಲ್ಲೊಂದು ಪಟ್ಟಿಯಿತ್ತು. ನಮ್ಮವರಲ್ಲೇ ಒಬ್ಬರನ್ನು ಪಾದ್ರಿಯಾಗಿ ತಯಾರು ಮಾಡುವುದು, ಕಡೂರಿನಲ್ಲಿ ಹೆಣ್ಣುಮಕ್ಕಳ ಶಾಲೆ, ಪ್ರಾರ್ಥನಾಲಯದ ಹೆಂಚು. ಇವೆಲ್ಲಕ್ಕಿಂತ ಮೊದಲು ಒಂದು ಸುಧಾರಣೆಯನ್ನು ಸೂಚಿಸಿದೆ. ಅಲ್ಲಿಯವರೆಗೆ ಭೋಜನದ ಬಟ್ಟಲು ಹಿಂದಿನ ಜಾತಿಯ ಕ್ರಮದಲ್ಲೇ ಕೈಯಿಂದ ಕೈಗೆ ಹೋಗುತ್ತಿತ್ತು. ಇನ್ನು ಮುಂದೆ, ಯಾರು ಎಂದು ಕ್ರೈಸ್ತರಾದರೆಂದು ಬರೆದಿಟ್ಟ ದೀಕ್ಷಾಸ್ನಾನದ ಪುಸ್ತಕವೇ ಆಧಾರವಾಗಲಿ, ಮೊದಲು ಸ್ನಾನ ಪಡೆದ ಮನೆಯವರು ಮೊದಲು ಬರಲಿ ಎಂದು ವಾದಿಸಿದೆ. ತಾರೀಖಿಗೆ ಜಾತಿಯಿಲ್ಲವೆಂದೆ. ಎಲ್ಲರೂ ಕೈಯೆತ್ತಿದರು.

ಮುಂದಿನ ಭೋಜನದ ದಿನ ಪುಸ್ತಕ ಹಿಡಿದು ನಾನೇ ಹೆಸರು ಕೂಗಿದೆ. ಮೊದಲು ನಿಂತವರು ಸಭೆಯ ಹಿರಿಯರಾದ ನನ್ನ ದೊಡ್ಡಪ್ಪ. ಕೊನೆಗೆ ನಿಂತವರು ಅಜ್ಜಂಪುರದಿಂದ ಗಾಡಿಯಲ್ಲಿ ಬಂದಿದ್ದ ಐದು ಮನೆಯವರು. ಸಾಲು ಹಿಂದಿನಂತೆಯೇ ಇತ್ತು. ಅದು ಕಣ್ಣಿಗೆ ಬಿದ್ದರೂ ಆಕಸ್ಮಿಕವೆಂದುಕೊಂಡೆ.

ಮರುತಿಂಗಳು ಅಜ್ಜಂಪುರದ ಗಾಡಿ ಬರಲಿಲ್ಲ. ಅದರ ಮರುತಿಂಗಳೂ ಇಲ್ಲ. "ಅವರು ಸಭೆಯನ್ನೇ ಬಿಡುವ ಮಾತಾಡ್ತಿದ್ದಾರೆ" ಎಂದರು ಉಪದೇಶಿಗಳು. ಆ ಐದು ಮನೆಗಳು ಹೋದರೆ ಅಜ್ಜಂಪುರದಲ್ಲಿ ನಮ್ಮ ಸಭೆ ಎಂಬುದೇ ಇರುತ್ತಿರಲಿಲ್ಲ. ಉಪದೇಶಿಗಳೊಡನೆ ನಾನೂ ಅಜ್ಜಂಪುರಕ್ಕೆ ಹೊರಟೆ.

ಆ ಐದು ಮನೆಗಳಿದ್ದ ಊರಾಚೆಯ ಕೇರಿಯ ಹಿರಿಯಳಾದ ಮುದುಕಿಯೊಬ್ಬಳು ಅಂಗಳದಲ್ಲಿ ರಾಗಿ ಕೇರುತ್ತಿದ್ದಳು.

"ಬಾರಪ್ಪಾ, ಪುಸ್ತ್ಕದ ಸಾಹುಕಾರ. ಇವತ್ತೂ ಹೆಸ್ರು ಕೂಗಕ್ ಬಂದ್ಯಾ?"

"ಅಜ್ಜೀ, ಆ ಸಾಲು ಜಾತಿ ಮೇಲಲ್ಲ. ಸ್ನಾನ ಆದ ತಾರೀಖಿನ ಮೇಲೆ."

ಅವಳು ಮೊರ ಕೆಳಗಿಟ್ಟು ನಕ್ಕಳು. "ನಿಮ್ ತಾತನ ಜತೇಲೇ ನಾವೂ ಸ್ನಾನ ಕೇಳಿದ್ವಿ ಕಣಪ್ಪಾ. ಇವರ್ ಕುಡ್ದ ಬಟ್ಲಲ್ಲಿ ನಾನ್ ಕುಡಿಯಾಕಿಲ್ಲ ಅಂದ ನಿಮ್ ತಾತ. ಪಾದ್ರಿ ದೊರೆ ನಮ್ಗೆ, ವಸಿ ತಡೀರಿ ಅಂದ್ರು. ತಡೀತಾ ತಡೀತಾನೇ ನನ್ ಗಂಡ ಮಣ್ಣಿಗೋದ. ಅವನ್ನ ನಿನ್ ಸಾಲಲ್ಲಿ ಎಲ್ ನಿಲ್ಲಿಸ್ತೀಯ ಹೇಳು?"

ನಾನು ಉಪದೇಶಿಗಳ ಮುಖ ನೋಡಿದೆ. ಅವರು ತಲೆ ತಗ್ಗಿಸಿ, "ಹೌದು, ಹಾಗೇ ನಡೀತು" ಎಂದರು.

ಎದುರಾಳಿ ಬಾಯಿ ತೆರೆಯುವ ಮೊದಲೇ ಉತ್ತರ ಸಿದ್ಧಪಡಿಸಿಕೊಳ್ಳುವುದನ್ನು ಕಾಲೇಜು ನನಗೆ ಕಲಿಸಿತ್ತು. ಕೇಳಿ ತಿಳಿಯುವುದನ್ನು ಕಲಿಸಿರಲಿಲ್ಲ. ಹಳೆಯ ಅನ್ಯಾಯವನ್ನೇ ತಾರೀಖಿನ ಹೆಸರಿನಲ್ಲಿ ಶಾಸನ ಮಾಡಿದ್ದೆ. ಮೊರದ ಪಕ್ಕ ಕುಳಿತು, "ನಾವೇನು ಮಾಡಬೇಕಜ್ಜೀ? ನಿಮ್ಮನ್ನು ಮೊದಲು ನಿಲ್ಲಿಸೋಣವೇ?" ಎಂದು ಕೇಳಿದೆ.

"ಮುಂದ್ ನಿಂತು ನಮ್ಗೇನಾಗ್ಬೇಕು? ನಿಮ್ ದೊಡ್ಡಪ್ಪ ಇಲ್ಲಿಗ್ ಬರ್ಲಿ. ನಮ್ಮನೇಲಿ ಕೂತ್ಕಂಡು ಮುದ್ದೆ ಉಣ್ಲಿ. ಆಮೇಲೆ ಬಟ್ಲು."

ತರೀಕೆರೆಗೆ ಬಂದು ದೊಡ್ಡಪ್ಪನಿಗೆ ಹೇಳಿದೆ.

"ಲೇ, ಬಿ.ಎ. ಓದ್ಬಂದು ನನ್ನ ಕೇರಿ ಕೇರಿ ಉಣ್ಣಕ್ ಕಳಿಸ್ತೀಯೇನೋ?"

"ಒಂದೇ ಕೇರಿ, ದೊಡ್ಡಪ್ಪಾ."

ಅವರು ನಗಲಿಲ್ಲ. ತಾತ ಆಡಿದ ಮಾತು ನಿಜವೇ ಎಂದು ಕೇಳಿದೆ. ಅವರು, "ಆವತ್ತು ಅಪ್ಪನ ಪಕ್ಕದಲ್ಲೇ ನಿಂತಿದ್ದೆ ಕಣೋ. ನಾನೂ ಬಾಯ್ ಬಿಡ್ಲಿಲ್ಲ" ಎಂದರು. ಆಮೇಲೆ ಎದ್ದು ನಿಂತು, "ಪಾದ್ರಿಗಳು ಬರೋದು ಯಾವತ್ತು? ಗಾಡಿ ಕಟ್ಟಕ್ ಹೇಳು."

ಆ ತಿಂಗಳ ಭೋಜನ ಅಜ್ಜಂಪುರದಲ್ಲಿ ನಡೆಯಿತು. ಕಡೂರಿನ ಎರಡು ಮನೆಯವರು ಬರಲಿಲ್ಲ. ಈಗಲೂ ನಮ್ಮೊಡನೆ ಮಾತು ಬಿಟ್ಟಿದ್ದಾರೆ. ಬಂದವರು ಮುದುಕಿಯ ಮನೆಯ ನೆಲದ ಮೇಲೆ ಉಣ್ಣಲು ಕುಳಿತೆವು. ದೊಡ್ಡಪ್ಪ ಮೊದಲ ತುತ್ತನ್ನು ಕೈಯಲ್ಲಿ ಹಿಡಿದು ತುಸು ತಡೆದರು, ನುಂಗಿದರು, ಆಮೇಲೆ ಮುದ್ದೆ ಪೂರ್ತಿ ಮುಗಿಸಿದರು.

"ಇನ್ನೊಂದ್ ಹಾಕ್ಲಾ ಯಜಮಾನ್ರೇ? ಇಲ್ಲಾ ಪುಸ್ತ್ಕ ನೋಡ್ಬೇಕಾ?" ಎಂದಳು ಮುದುಕಿ.

"ಹಾಕವ್ವಾ" ಎಂದರು ದೊಡ್ಡಪ್ಪ. ಮನೆಯೆಲ್ಲ ನಕ್ಕಿತು. ಅನಂತರ ಪಾದ್ರಿಗಳು ಪ್ರಾರ್ಥಿಸಿ ಬಟ್ಟಲೆತ್ತಿದರು. ಕುಳಿತವರು ಕುಳಿತಂತೆಯೇ ಅದನ್ನು ಪಕ್ಕದವರಿಗೆ ದಾಟಿಸಿದರು.

ಮಹಾಸಭೆ ಮತ್ತೊಮ್ಮೆ ಸೇರಿತು, ಈ ಸಲ ಅಜ್ಜಂಪುರದಲ್ಲೇ. ನನ್ನ ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು ಆ ಐದು ಮನೆಯವರನ್ನು ಮೊದಲು ಕೇಳಿದೆವು. ತಮ್ಮ ಕೇರಿಯಲ್ಲೇ ವಾಸವಿದ್ದು ಪಾಠ ಹೇಳುವ ಮೇಷ್ಟರು ಬೇಕೆಂದರು. ಅಂಥ ಸಂಗತಿ ನನ್ನ ಪಟ್ಟಿಯಲ್ಲೇ ಇರಲಿಲ್ಲ. ಈಗ ಅಲ್ಲಿ ಮೇಷ್ಟರಿದ್ದಾರೆ. ಅವರಿಗೆ ನೀರು ಸೇದಿಕೊಡುವವಳು ಆ ಮುದುಕಿಯ ಮೊಮ್ಮಗಳು, ಅಕ್ಷರ ಕಲಿಯುತ್ತಿರುವವಳೂ ಅವಳೇ. ನಮ್ಮವರೇ ಆದ ಪಾದ್ರಿ ಆ ಶಾಲೆಯಿಂದ ಬಂದರೂ ಬರಬಹುದೆಂದು ನಾನು ನಂಬಿದ್ದೇನೆ. ತರೀಕೆರೆಯ ಹೆಂಚು ಇನ್ನೂ ಸೋರುತ್ತಿದೆ, ಸೋರಲಿ.

ನಿಮ್ಮ ಸಭೆಗಳೂ ಬರುವ ವರ್ಷಗಳ ಕೆಲಸಗಳನ್ನು ಗೊತ್ತುಮಾಡಲು ಕೂಡಲಿವೆ. ದಯವಿಟ್ಟು, ಪಟ್ಟಿ ಬರೆಯುವುದಕ್ಕೆ ಮೊದಲು, ನಿಮ್ಮಲ್ಲಿ ಎಲ್ಲರಿಗಿಂತ ಹೆಚ್ಚು ಕಾಲ ಕಾಯಬೇಕಾಗಿ ಬಂದ ಮನೆಗೆ ಹೋಗಿ, ಅವರು ಬಡಿಸಿದ್ದನ್ನು ಉಂಡು, ಅವರಿಗೆ ಏನು ಬೇಕೆಂದು ಕೇಳಿ ಬನ್ನಿ.