ಉಸಿರು ಎಣಿಸುವ ಐಲಿ

ಉತ್ತರ ಅಮೆರಿಕದ ಸುಪೀರಿಯರ್ ಸರೋವರದ ದಂಡೆಯ ನಮ್ಮೂರ ಆಸ್ಪತ್ರೆಯಲ್ಲಿ ಐಲಿ ಕೊಸ್ಕೆಲಾ ಮೊದಲು ಬಟ್ಟೆ ಒಗೆಯುವ ಕೆಲಸಕ್ಕಿದ್ದಳು. ಗಂಡ ತೀರಿಕೊಂಡ ಮೇಲೆ, ಮೂವತ್ತೆಂಟನೇ ವಯಸ್ಸಿನಲ್ಲಿ, ತನ್ನ ಮಗಳ ಓರಗೆಯವರ ಜೊತೆ ಕೂತು ನರ್ಸಿಂಗ್ ಓದಿದಳು. ಆಮೇಲೆ ಇಪ್ಪತ್ತೆರಡು ವರ್ಷ ಶಸ್ತ್ರಚಿಕಿತ್ಸೆಯಾದವರ ವಾರ್ಡು ಬಿಟ್ಟು ಕದಲಲಿಲ್ಲ. ನಾನು ಇಂದು ಬದುಕಿರುವುದು ಆಕೆಯಿಂದ.

ಕಾಗದದ ಗಿರಣಿಯಲ್ಲಿ ದುಡಿದು ಸವೆದಿದ್ದ ನನ್ನ ಮಂಡಿಯನ್ನು ಒಂದು ಮಾರ್ಚಿನಲ್ಲಿ ಅಲ್ಲಿಯೇ ಶಸ್ತ್ರಚಿಕಿತ್ಸೆ ಮಾಡಿ ಬದಲಾಯಿಸಿದ್ದರು. ಎರಡು ದಿನ ಎಲ್ಲ ಸರಿಯಿತ್ತು. ಮೂರನೇ ದಿನ ಮಧ್ಯಾಹ್ನ ಯಾಕೋ ಮಲಗಿದಲ್ಲಿ ಮಲಗಲಾಗಲಿಲ್ಲ. ಹೊದಿಕೆ ಕಿತ್ತೆಸೆದೆ, ಊಟದ ತಟ್ಟೆ ತಳ್ಳಿದೆ, ಹೆಂಡತಿ ಹಿಲ್ಕಾಳ ಮೇಲೆ ರೇಗಿದೆ.

“ಇವರು ಮನೇಲೂ ಹೀಗೇ, ತಲೆ ಕೆಡಿಸ್ಕೋಬೇಡಿ,” ಎಂದಳು ಹಿಲ್ಕಾ.

“ನಿನ್ನೆ ಹೀಗಿರಲಿಲ್ಲ. ಇಲ್ಲಿನ ಕಾಫಿ ಚರಂಡಿ ನೀರು ಅಂತ ನಗ್ತಾ ಬೈದ್ರು. ಇವತ್ತು ಬೈಗುಳ ಇದೆ, ನಗು ಇಲ್ಲ,” ಎಂದ ಐಲಿ, “ಆರ್ವೊ, ಸ್ವಲ್ಪ ಸುಮ್ನಿರಿ,” ಎಂದು ನನ್ನ ಮಣಿಕಟ್ಟು ಹಿಡಿದು ನಿಂತಳು.

ನಾಡಿ ನೋಡುತ್ತಿದ್ದಾಳೆ ಅಂದುಕೊಂಡೆ. ಆಕೆಯ ಕಣ್ಣು ಇದ್ದದ್ದು ನನ್ನ ಎದೆಯ ಮೇಲೆ. ಉಸಿರು ಎಣಿಸುತ್ತೇನೆಂದು ಮೊದಲೇ ಹೇಳಿಬಿಟ್ಟರೆ ಮನುಷ್ಯ ಉಸಿರಾಡುವ ರೀತಿಯೇ ಬದಲಾಗುತ್ತದಂತೆ. ಪೂರ್ತಿ ಒಂದು ನಿಮಿಷ ಎಣಿಸಿದಳು. ಮೂವತ್ತೆರಡು. ಬೆಳಿಗ್ಗೆ ಹದಿನಾರಿತ್ತು.

ಹಾಸಿಗೆಯ ತಲೆಭಾಗ ಎತ್ತಿ, ಮೂಗಿಗೆ ಆಮ್ಲಜನಕದ ಕೊಳವೆ ಇಟ್ಟು, ಡಾಕ್ಟರಿಗೆ ಫೋನ್ ಮಾಡಿದಳು. ಗಾಬರಿಯಿರಬೇಕು, ಮಂಪರು ಬರುವಂಥ ಒಂದು ಮಾತ್ರೆ ಕೊಡಿ ಎಂದರಂತೆ ಅವರು.

“ನೀವು ಬಂದು ನೋಡೋವರೆಗೂ ಕೊಡಲ್ಲ ಡಾಕ್ಟ್ರೇ. ಈಗಲೇ ಬರ್ತೀರೋ, ತುರ್ತು ತಂಡನ ಕರೀಲೋ?”

ಡಾಕ್ಟರು ಓಡಿಬಂದರು. ಕಾಲಿನಿಂದ ಹೊರಟ ರಕ್ತದ ಹೆಪ್ಪು ಶ್ವಾಸಕೋಶದಲ್ಲಿ ಸಿಕ್ಕಿಕೊಂಡದ್ದು ಸ್ಕ್ಯಾನಿನಲ್ಲಿ ಕಂಡಿತು. ಅದು ಬೆಳೆಯದಂತೆ ತಡೆಯುವ ಔಷಧವನ್ನು ತಕ್ಷಣ ಏರಿಸಿದರು. ಆ ಮಾತ್ರೆ ನುಂಗಿ ಮಲಗಿದ್ದರೆ ಮತ್ತೆ ಏಳುತ್ತಿದ್ದುದು ಅನುಮಾನ ಎಂದು ಅದೇ ಡಾಕ್ಟರು ಆಮೇಲೆ ನನ್ನೆದುರೇ ಒಪ್ಪಿಕೊಂಡರು.

ಮನೆಗೆ ಹೊರಡುವ ದಿನ ಐಲಿಯನ್ನು ಕೇಳಿದೆ, “ನಿಂಗೆ ಹೇಗೆ ಗೊತ್ತಾಯ್ತಮ್ಮ?”

“ನಾನು ಸೇರಿದ ವರ್ಷ ಒಬ್ರು ಅಜ್ಜಿ ಹೀಗೇ ಒದ್ದಾಡ್ತಿದ್ರು. ಭಯ ಅಂದ್ಕೊಂಡು ಕೈ ಹಿಡಿದು ಸಮಾಧಾನ ಮಾಡ್ದೆ. ಉಸಿರು ಎಣಿಸಲಿಲ್ಲ. ಸಂಜೆಗೆ ಹೋಗ್ಬಿಟ್ರು. ಯಾರೂ ನನ್ನ ಬೈಲಿಲ್ಲ, ಆರ್ವೊ. ಬೈದಿದ್ರೆ ಎಷ್ಟೋ ವಾಸಿ ಇತ್ತು.”

“ಅವರ ಹೆಸರೇನು?”

“ರೋಗಿಗಳ ಹೆಸರು ಹೇಳೋ ಹಾಗಿಲ್ಲ.”

ಐಲಿ ಈಗ ಕೆಲಸದಿಂದ ನಿವೃತ್ತಳು. ಶನಿವಾರ ನಮ್ಮಲ್ಲಿಗೆ ಕಾಫಿಗೆ ಬರುತ್ತಾಳೆ, ಹಿಲ್ಕಾ ಏಲಕ್ಕಿ ಹಾಕಿದ ಬ್ರೆಡ್ಡು ಮಾಡಿಟ್ಟಿರುತ್ತಾಳೆ. ಹೊರಡುವಾಗ ನಾನು ಹೊಗೆಯಲ್ಲಿ ಬೇಯಿಸಿದ ಮೀನು ಕಟ್ಟಿಕೊಡುತ್ತೇನೆ. ಫ್ರಿಜ್ಜಿನಲ್ಲಿ ಜಾಗವಿಲ್ಲ ಎಂದು ಗೊಣಗಿಕೊಂಡೇ ಒಯ್ಯುತ್ತಾಳೆ. ಭಾನುವಾರ ಚರ್ಚಿನಲ್ಲಿ ಅವಳಿಗಾಗಿ ಪ್ರಾರ್ಥಿಸುತ್ತೇನೆ. ಹೆಸರು ಗೊತ್ತಿಲ್ಲದ ಆ ಅಜ್ಜಿಗಾಗಿಯೂ.